ಬಂಗಾರವೋ ಭಂಗಾರವೋ

ನಮ್ಮ ಓಣಿಗೆ ವಾರಕ್ಕೆರಡು ಸಲ, ಮುಂಜಾನೆ ಎಂಟರ ಹೊತ್ತಿಗೆ, ಕೈಗಾಡಿ ತಳ್ಳಿಕೊಂಡು ಒಬ್ಬ ಬರುತ್ತಾನೆ. “ಭಂಗಾರ್... ಏ ಭಂಗಾರ್...” ಎಂದು ಕೂಗುತ್ತಾನೆ. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಕನ್ನಡದಲ್ಲಿ ಬಂಗಾರ ಎಂದರೆ ಏನೆಂದು ಹೇಳಬೇಕಾಗಿಲ್ಲ. ಎರಡರ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ. ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಮಕ್ಕಳ ಮಹಾಪ್ರಾಣ ತಿದ್ದಿದವನು ನಾನು. ‘ಬಾರತ’ ಎಂದು ಬರೆದವರ ಕಿವಿ ಹಿಂಡಿದ್ದೇನೆ. ಏನು ಮಾಡಿದರೂ ನಮ್ಮ ಕಡೆಯ ಬಾಯಲ್ಲಿ ಬಂಗಾರವೂ ಭಂಗಾರವೂ ಒಂದೇ. ಕೇಳಿದವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು.

ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿರುವ ಗಾಡಿಯ ವಿಷಯದಲ್ಲಿ ಆ ಸಂದರ್ಭವೇ ನನಗೆ ಬಗೆಹರಿದಿಲ್ಲ. ಪುಣೆಯಲ್ಲಿರುವ ಮಗ ಫೋನ್ ಮಾಡಿದಾಗೆಲ್ಲ “ಅಪ್ಪಾ, ಅದನ್ನ ಭಂಗಾರಕ್ಕ ಹಾಕ್ರಿ ಇನ್ನ” ಅನ್ನುತ್ತಾನೆ. ಎದುರು ಮನೆಯವರು “ಗುರೂಜಿ, ಬಂಗಾರದಂಥಾ ಗಾಡಿ ಬಿಡ್ರಿ” ಅನ್ನುತ್ತಾರೆ. ನನ್ನಾಕೆ ಎರಡೂ ಅರ್ಥ ಬರುವ ಹಾಗೆ ಒಂದೇ ಸಲ ಹೇಳುತ್ತಾಳೆ: “ಇದ್ದ ಬಂಗಾರೆಲ್ಲ ಇದಕ್ಕ ಹಾಕೀರಿ.” ಅದು ಪೂರ್ತಿ ನಿಜವಲ್ಲ. ನಾನು ಹಾಕಿದ್ದು ನನ್ನ ಗ್ರ್ಯಾಚುಟಿಯ ರೊಕ್ಕ. ಅವಳ ಪಾಟ್ಲಿ ಇನ್ನೂ ಕೈಯಲ್ಲೇ ಇವೆ.

ಗಾಡಿ ಯಾವ ಕಂಪನಿಯದು ಎಂದು ಹೇಳುವುದಿಲ್ಲ. ನಮ್ಮ ಕಡೆ ಹಿಂದಿನ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಬಹಳ ಕಾಡಿದರೆ ಒಡಪಿನಲ್ಲಿ ಕಟ್ಟಿ, ಹೆಸರನ್ನು ಕೊನೆಗೆ ಮೆತ್ತಗೆ ಬಿಡುತ್ತಿದ್ದರು. ನನಗೆ ಒಡಪು ಕಟ್ಟಲು ಬಾರದು. ಜರ್ಮನ್ ಕುಲದ್ದು, ಡೀಸೆಲ್ ಕುಡಿಯುವಂಥದ್ದು, 2012ರ ಹುಟ್ಟು, ಬಣ್ಣ ಕಪ್ಪು (ಜತ್ತದ ಧೂಳಿನಲ್ಲಿ ಕಪ್ಪು ಎನ್ನುವುದು ದಾಖಲೆಯಲ್ಲಿ ಮಾತ್ರ) ಎಂದು ಹೇಳಿದರೆ ಸಾಕು. ಮೊದಲ ದಿನ ನನ್ನ ಅವ್ವ ಕೋಲೂರಿಕೊಂಡು ಹೊರಗೆ ಬಂದು “ಯಾವ ಗಾಡೀಪಾ ಇದು?” ಎಂದು ಕೇಳಿದಳು. “ಜರ್ಮನ್ ಗಾಡಿ ಅವ್ವಾ” ಅಂದೆ. ಆಕೆಯ ಮುಖ ಸಣ್ಣದಾಯಿತು. ನಮ್ಮಲ್ಲಿ ಜರ್ಮನ್ ಎಂದರೆ ಅಲ್ಯೂಮಿನಿಯಂ. ಜರ್ಮನ್ ಡಬರಿ, ಜರ್ಮನ್ ತಾಟು. ಬಡವರ ಮನೆಯ ಪಾತ್ರೆ. “ಇಷ್ಟು ರೊಕ್ಕಾ ಕೊಟ್ಟು ಜರ್ಮನ್ದ ತಂದಿ? ಹಿತ್ತಾಳೀದ ಸಿಗಲಿಲ್ಲೇನೋ?” ಎಂದಳು. ಆಮೇಲೆ ಗಾಡಿ ನನ್ನ ಕೈಯಿಂದ ಹೀರಿದ್ದನ್ನೆಲ್ಲ ಲೆಕ್ಕ ಹಾಕಿದಾಗ, ಅವ್ವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ ಅನ್ನಿಸಿದೆ.

ಇಂಥ ಗಾಡಿ ಜತ್ತದಂಥ ಬರಗಾಲದ ತಾಲ್ಲೂಕಿನ ನಿವೃತ್ತ ಮಾಸ್ತರನ ಅಂಗಳಕ್ಕೆ ಬರಲು ಕಾರಣ ದಿಲ್ಲಿಯ ಹೊಗೆ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಓಡಕೂಡದು ಎಂದಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಗಟ್ಟಿ ಮುದ್ರೆ ಒತ್ತಿತು. ಬೇರೆ ಕಡೆ ಹದಿನೈದು ವರ್ಷ ಬಾಳುವ ಗಾಡಿಗೆ ದಿಲ್ಲಿಯಲ್ಲಿ ಆಗ ಹತ್ತೇ ವರ್ಷ ಆಯುಷ್ಯವಿತ್ತು. ಹೀಗಾಗಿ ಏಳೆಂಟು ವರ್ಷ ತುಂಬುತ್ತಲೇ ಅಲ್ಲಿಯ ಸಾಹುಕಾರರು ನಲವತ್ತು ಲಕ್ಷದ ಗಾಡಿಯನ್ನು ಎಂಟೊಂಬತ್ತು ಲಕ್ಷಕ್ಕೆ ಕೈಬಿಡತೊಡಗಿದರು. ದಲ್ಲಾಳಿಗಳು ಅವನ್ನು ದಕ್ಷಿಣದ ಕಡೆ ಹೊಡೆದುಕೊಂಡು ಬಂದರು, ಬರಗಾಲದಲ್ಲಿ ದನಗಳನ್ನು ಮೇವಿರುವ ಕಡೆ ಹೊಡೆದ ಹಾಗೆ. ನನಗೆ ಸಿಕ್ಕಿದ್ದು ಅಂಥದೇ ಒಂದು. ಸಣ್ಣದೊಂದು ಹೊಸ ಗಾಡಿ ಕೊಳ್ಳುವ ರೊಕ್ಕದಲ್ಲಿ ಮಂತ್ರಿಗಳ ಗಾಡಿ ಬಂತಲ್ಲ ಎಂದು ಹಿಗ್ಗಿದೆ. ಕೊಳ್ಳುವಾಗ ಒಂದು ಮಾತು ಯಾರೂ ಹೇಳಲಿಲ್ಲ: ಗಾಡಿಯ ಬೆಲೆ ಒಂಬತ್ತು ಲಕ್ಷಕ್ಕೆ ಇಳಿದರೂ ಅದರೊಳಗಿನ ಸಾಮಾನುಗಳಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಅವು ಇನ್ನೂ ನಲವತ್ತು ಲಕ್ಷದ ಗತ್ತಿನಲ್ಲೇ ಇರುತ್ತವೆ.

ಹಳೆ ಗಾಡಿ ನೋಡಿ ಕೊಳ್ಳುವ ವಿದ್ಯೆ ನನಗೆ ಬರುವುದಿಲ್ಲ ಎಂದು ಮಗ ಹೆದರಿದ್ದ. ಬರದೆ ಏನು? ನನ್ನ ಅಪ್ಪ ಯಲ್ಲಮ್ಮನ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದನ್ನು ನೋಡುತ್ತ ಬೆಳೆದವನು ನಾನು. ಮಾರ್ಗಶಿರದ ಚಳಿಯಲ್ಲಿ ಜತ್ತದ ಬಯಲೆಲ್ಲ ಕಿಲಾರಿ ಎತ್ತುಗಳಿಂದ ಬೆಳ್ಳಗಾಗುತ್ತಿತ್ತು. ಅಪ್ಪ ಮೊದಲು ದೂರ ನಿಂತು ನಡಿಗೆ ನೋಡುತ್ತಿದ್ದ. ಆಮೇಲೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ: ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದ್ದು. ಆಮೇಲೆ ಸುಳಿ. ಕೊನೆಗೆ ದಲ್ಲಾಳಿಯೂ ಅಪ್ಪನೂ ಟವೆಲ್ಲಿನ ಅಡಿಯಲ್ಲಿ ಕೈ ಇಟ್ಟು, ಬೆರಳು ಹಿಡಿದು, ಬಾಯಲ್ಲಿ ಊರಿನ ಮಳೆ ಬೆಳೆ ಮಾತಾಡುತ್ತ ವ್ಯಾಪಾರ ಮುಗಿಸುತ್ತಿದ್ದರು. ಸುತ್ತ ನಿಂತ ನಮಗೆ ಬೆಲೆ ತಿಳಿಯುತ್ತಿರಲಿಲ್ಲ. ಅಪ್ಪನ ಹುಬ್ಬು ನೋಡಿ ಅಂದಾಜು ಮಾಡಬೇಕು.

ಗಾಡಿಗೂ ಹಲ್ಲಿದೆ. ಮೀಟರು ಎಂಬತ್ತಾರು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ನಾನು ಮೀಟರು ಬಿಟ್ಟು ಬ್ರೇಕ್ ಪೆಡಲಿನ ರಬ್ಬರ್ ನೋಡಿದೆ. ಸವೆದು ನುಣ್ಣಗಾಗಿತ್ತು. ಸ್ಟೀರಿಂಗಿನ ತೊಗಲು ಹಳೆ ಚಪ್ಪಲಿಯ ಹಾಗೆ ಮಿರುಗುತ್ತಿತ್ತು. ಚಾಲಕನ ಸೀಟಿನ ಬಲಗಡೆಯ ಅಂಚು ಕುಸಿದಿತ್ತು. ಎಂಬತ್ತಾರು ಸಾವಿರಕ್ಕೆ ಅಷ್ಟೊಂದು ಸಲ ಯಾರೂ ಹತ್ತಿ ಇಳಿಯುವುದಿಲ್ಲ. ಟೈರಿನ ಮೈಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕಡೆಯೆರಡು ವರ್ಷ. ಅದನ್ನೂ ಓದಿದೆ. ಇದು ಹಲ್ಲು ಉಜ್ಜಿ ತಂದ ಎತ್ತು ಎಂದು ಗೊತ್ತಾಯಿತು. ಗೊತ್ತಾಗಿಯೂ ಕೊಂಡೆ. ಅಪ್ಪನೂ ಒಮ್ಮೆ ಹಾಗೆ ಮಾಡಿದ್ದ. ಸುಳಿ ಸರಿಯಿಲ್ಲ ಎಂದು ನಾಲ್ಕು ಜನ ಹೇಳಿದರೂ ಕೋಡಿನ ಅಂದಕ್ಕೆ ಸೋತು ಒಂದು ಎತ್ತು ತಂದ. ಅದು ಹನ್ನೊಂದು ವರ್ಷ ದುಡಿಯಿತು.

ಆಮೇಲೆ ಪಾಸಿಂಗ್. ನಮ್ಮಲ್ಲಿ ಗಾಡಿಯ ಜಾತಿ ಕೇಳುವುದೇ ಹೀಗೆ: “ಯಾವ ಪಾಸಿಂಗ್‌ರೀ?” ಎಂಎಚ್ 10 ಎಂದರೆ ಸಾಂಗಲಿ, 09 ಕೊಲ್ಹಾಪುರ, 13 ಸೊಲ್ಲಾಪುರ, ಕೆಎ 28 ಎಂದರೆ ಬಿಜಾಪುರ. ಪರರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿರಬೇಕಾದರೆ ಇಲ್ಲಿಯ ನಂಬರ್ ಪಡೆಯಬೇಕು. ಅಲ್ಲಿಂದ ನಿರಾಕ್ಷೇಪಣಾ ಪತ್ರಕ್ಕೆ ಫಾರಂ 28, ಮಾಲೀಕ ಬದಲಾದದ್ದಕ್ಕೆ 29 ಮತ್ತು 30, ಇಲ್ಲಿ ಮತ್ತೆ ತೆರಿಗೆ. ಸಾಂಗಲಿಗೆ ಆರು ಸಲ ಎಡತಾಕಿದೆ. ಆರನೆಯ ಸಲ ಸರತಿಯಲ್ಲಿ ನಿಂತಾಗ ಒಂದು ವಿಚಾರ ಹೊಳೆದು ಒಬ್ಬನೇ ನಕ್ಕೆ. ಗಾಡಿ ಸೆಕೆಂಡ್ ಓನರಿನದು ಎಂದು ಜನ ಮೂಗು ಮುರಿಯುತ್ತಾರಲ್ಲ, ನಮ್ಮ ಊರಾದರೂ ಏನು? ಆದಿಲಶಾಹಿಯ ಕಾಲ ಬಿಟ್ಟರೂ, ಡಫಳೆ ಅರಸರ ಸಂಸ್ಥಾನ ಒಂದು. 1948ರಲ್ಲಿ ವಿಲೀನವಾಗಿ ಮುಂಬಯಿ ಪ್ರಾಂತ ಎರಡು. 1960ರಲ್ಲಿ ಮಹಾರಾಷ್ಟ್ರ ಮೂರು. ಜತ್ತವೇ ಥರ್ಡ್ ಓನರ್ ಮಾಲು. ಮುಂದೆ 1966ರಲ್ಲಿ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು, ನಮ್ಮ ತಾಲ್ಲೂಕಿನ ಹಲವು ಕನ್ನಡ ಹಳ್ಳಿಗಳನ್ನು ಆಚೆ ಕೊಡಿ ಎಂದಿತು. ಮಹಾರಾಷ್ಟ್ರ ಆ ವರದಿಯನ್ನೇ ಒಪ್ಪಲಿಲ್ಲ. ಮೊಕದ್ದಮೆ ಈಗ ಸುಪ್ರೀಂ ಕೋರ್ಟಿನಲ್ಲಿದೆ. ನನ್ನ ಗಾಡಿಯ ನಿರಾಕ್ಷೇಪಣಾ ಪತ್ರ ನಾಲ್ಕು ತಿಂಗಳಲ್ಲಿ ಬಂತು. ಹಳ್ಳಿಗಳದು ಇನ್ನೂ ಬಂದಿಲ್ಲ.

ಗಾಡಿಗೆ ಎಂಎಚ್ 10 ಫಲಕ ಬಡಿದು ಇಪ್ಪತ್ತು ದಿನ ಆಗಿರಲಿಲ್ಲ, 2020ರ ಮಾರ್ಚಿನಲ್ಲಿ ದೇಶಕ್ಕೇ ಬೀಗ ಬಿತ್ತು. ಮೂರು ತಿಂಗಳು ಬೇವಿನ ಗಿಡದ ಕೆಳಗೆ ಗಾಡಿ, ಪಡಸಾಲೆಯಲ್ಲಿ ನಾನು, ಎದುರುಬದುರು ನೋಡುತ್ತ ಕೂತೆವು. ಬ್ಯಾಟರಿ ಸತ್ತಿತು. ಅದೇ ಏಪ್ರಿಲ್ ಒಂದರಿಂದ ಬಿಎಸ್ 6 ನಿಯಮ ಬಂದು, ಮಾರುತಿಯವರು, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನವರು ಈ ದೇಶದಲ್ಲಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ನಾನು ಕೊಳ್ಳುವ ಹೊತ್ತಿಗೆ ಸರಿಯಾಗಿ ಆ ವಂಶಕ್ಕೆ ಸೂತಕ ಹಿಡಿಯಿತು.

ಡೀಸೆಲ್ ಏಕೆ ಎಂದು ಮಗ ಕೇಳುತ್ತಾನೆ. ಅವನಿಗೆ ತಿಳಿಯದು. ನಾನು ಹುಟ್ಟಿದ ಮನೆಯ ಜೋಗುಳವೇ ಡೀಸೆಲ್ಲಿನದು. ನಮ್ಮ ಹೊಲದ ಬಾವಿಯ ಮೇಲೆ ಕಿರ್ಲೋಸ್ಕರ ಎಂಜಿನ್ ಇತ್ತು. ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ತಿರುವಬೇಕು. ಚಕ್ರಕ್ಕೆ ವೇಗ ಬಂದ ಕೂಡಲೇ ಲಿವರ್ ಬಿಟ್ಟು, ಹ್ಯಾಂಡಲ್ ಕಳಚಿಕೊಂಡು ಹಿಂದೆ ಸರಿಯಬೇಕು. ತಡ ಮಾಡಿದರೆ ಕೈ ಮುರಿಯುತ್ತದೆ. ಟುಕ್, ಟುಕ್, ಟುಕ್ಕುಟುಕ್ಕು ಎಂದು ಹೊಡೆದುಕೊಳ್ಳುತ್ತ ಎದ್ದರೆ ಎರಡು ಹರದಾರಿ ದೂರಕ್ಕೂ ಕೇಳುತ್ತಿತ್ತು. ಯಾರ ಬಾವಿಯಲ್ಲಿ ನೀರಿದೆ, ಯಾರದರಲ್ಲಿ ತೀರಿತು ಎಂದು ಸದ್ದಿನ ಮೇಲೆ ಊರಿಗೆ ತಿಳಿಯುತ್ತಿತ್ತು. 1972ರ ಬರದಲ್ಲಿ ಒಂದೊಂದೇ ಎಂಜಿನ್ ನಿಂತು, ಕೊನೆಗೆ ಶಿವಾರವೆಲ್ಲ ಸುಮ್ಮನಾದದ್ದು ನನಗೆ ನೆನಪಿದೆ. ಆ ಮೌನ ಬಹಳ ಕೆಟ್ಟದ್ದು.

ಕಿರ್ಲೋಸ್ಕರರು ನಮ್ಮವರೇ. ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಕಬ್ಬಿಣದ ನೇಗಿಲು ಮಾಡಿದವರು. 1910ರಲ್ಲಿ ಔಂಧದ ಅರಸರು ಜಾಗ ಕೊಟ್ಟು, ಈಗ ನಮ್ಮ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಎದ್ದಿತು. ಆಯಿಲ್ ಎಂಜಿನ್ ಕಂಪನಿ ಪುಣೆಯಲ್ಲಿ ಶುರುವಾದದ್ದು 1946ರಲ್ಲಿ. ಇನ್ನು ಮೂಲಪುರುಷ ರುಡಾಲ್ಫ್ ಡೀಸೆಲ್. 1897ರಲ್ಲಿ ಜರ್ಮನಿಯ ಔಗ್ಸ್‌ಬುರ್ಗಿನಲ್ಲಿ ಅವನ ಎಂಜಿನ್ ಓಡಿತು. ಕಿಡಿ ಇಲ್ಲ, ಬತ್ತಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ ಅದರೊಳಗೆ ಎಣ್ಣೆ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯ ಮೇಲೆ ಓಡಿಸಿ ತೋರಿಸಿದ್ದರು. ಶೇಂಗಾ ಎಣ್ಣೆ! ಇದನ್ನು ಹೇಳಿದಾಗ ನನ್ನಾಕೆ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಹೆದರಬೇಡ, ಈಗಿನ ಎಂಜಿನ್ನಿಗೆ ಅದು ಆಗುವುದಿಲ್ಲ ಎಂದು ಸಮಾಧಾನ ಮಾಡಿದೆ. ಪಾಪ, ಆ ಡೀಸೆಲ್ ಮಹಾಶಯ 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಮಾಯವಾದ. ಬಿದ್ದನೋ, ಹಾರಿದನೋ, ತಳ್ಳಿದರೋ, ಇವತ್ತಿಗೂ ಬಗೆಹರಿದಿಲ್ಲ.

ನನ್ನ ಗಾಡಿಯ ಎಂಜಿನ್ ಟುಕ್ ಅನ್ನುವುದಿಲ್ಲ. ಒಳಗೆ ಕೂತರೆ ಓಡುತ್ತಿದೆಯೋ ಇಲ್ಲವೋ ತಿಳಿಯದು. ನಮ್ಮ ಟ್ರ್ಯಾಕ್ಟರ್ ಮಿಸ್ತ್ರಿ ಬಾನೆಟ್ ಎತ್ತಿಸಿ ಬಹಳ ಹೊತ್ತು ಇಣುಕಿ ನೋಡಿದ. “ಗುರೂಜಿ, ಪಾನಾ ಹಚ್ಚಾಕ ಸಂದ ಇಲ್ಲಲ್ರಿ ಇದರಾಗ” ಎಂದ. ಸ್ಪ್ಯಾನರ್ ತೂರಿಸಲು ಜಾಗವಿಲ್ಲ ಎಂದು ಅರ್ಥ. ಒಳಗಿನ ನಳಿಗೆಯಲ್ಲಿ ಡೀಸೆಲ್ 1,600 ಬಾರ್ ಒತ್ತಡದಲ್ಲಿ ಇರುತ್ತದಂತೆ ಎಂದು ನಾನು ಓದಿದ್ದನ್ನು ಹೇಳಿದೆ. ಗಾಲಿಯ ಗಾಳಿ ಎರಡೂವರೆ ಬಾರ್ ಎಂದ ಮೇಲೆ 1,600 ಎಷ್ಟು ಎಂದು ಲೆಕ್ಕ ಹಾಕಿ, ಅವನು ಬಾನೆಟ್ಟನ್ನು ಮೆಲ್ಲಗೆ, ಹಾವಿನ ಬುಟ್ಟಿ ಮುಚ್ಚುವ ಹಾಗೆ ಮುಚ್ಚಿದ.

ಅಂದಿನಿಂದ ಮಿಸ್ತ್ರಿಯ ಬದಲು ಡಾಕ್ಟರು. ಕಂಪ್ಯೂಟರಿನ ವೈರು ಚುಚ್ಚಿ ನಾಡಿ ನೋಡುವ ಒಬ್ಬ ಹುಡುಗ ಮೀರಜಿನಲ್ಲಿದ್ದಾನೆ. ಮೊದಲ ವರ್ಷ ಬೆರಳುದ್ದದ ಒಂದು ಸೆನ್ಸರ್ ಹೋಯಿತು, ಹದಿನೆಂಟು ಸಾವಿರ. ನಾನು ನೌಕರಿಗೆ ಸೇರಿದಾಗ ಅಷ್ಟು ರೊಕ್ಕದಲ್ಲಿ ಎರಡು ಮದುವೆ ಆಗುತ್ತಿದ್ದವು. ಎರಡನೆಯ ವರ್ಷ ಹೊಗೆಯನ್ನು ತಿರುಗಿ ಒಳಗೆ ಬಿಡುವ ವಾಲ್ವಿನಲ್ಲಿ ಮಸಿ ಕಟ್ಟಿತು. ಹುಡುಗ ಕೇಳಿದ: “ದಿನಾ ಎಷ್ಟು ಓಡಸ್ತೀರಿ?” “ಮನೀಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿಂದ ಮನೀಗೆ.” ಅವನು ತಲೆ ಚಚ್ಚಿಕೊಂಡ. ಇದು ಓಡುವ ಕುದುರೆ, ಗಾಣಕ್ಕೆ ಕಟ್ಟಿದ್ದೀರಿ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ಆರಿಸಿದರೆ ಮಸಿ ಕಟ್ಟದೆ ಏನಾಗುತ್ತದೆ, ವಾರಕ್ಕೊಮ್ಮೆ ತಾಸು ಹೊತ್ತು ಒಂದೇ ಸಮನೆ ಓಡಿಸಿ, ಎಂದ. ಹೀಗೆ ವೈದ್ಯರ ಅಪ್ಪಣೆಯ ಮೇಲೆ ನಾವು ತಿರುಗಾಡತೊಡಗಿದೆವು. ಗುಹಾಗರದಿಂದ ಬಿಜಾಪುರಕ್ಕೆ ಹೋಗುವ ಹೆದ್ದಾರಿ ಜತ್ತವನ್ನು ಹಾದೇ ಹೋಗುತ್ತದೆ. ಪ್ರತಿ ಸೋಮವಾರ ಬಿಜಾಪುರಕ್ಕೆ ಹೋಗಿ, ಗೋಳಗುಮ್ಮಟವನ್ನು ಹೊರಗಿನಿಂದ ನೋಡಿ, ಚಹಾ ಕುಡಿದು ಬರುತ್ತೇವೆ. ಯಾರಾದರೂ “ಯಾಕ್ ಹೋಗಿದ್ರಿ?” ಎಂದರೆ “ಗಾಡೀ ಹೊಟ್ಟಿ ಸ್ವಚ್ಛ ಮಾಡ್ಸಾಕ” ಎನ್ನುತ್ತಾಳೆ ನನ್ನಾಕೆ.

ಇದರಲ್ಲಿ ಒಂದು ಲಾಭವೂ ಇತ್ತು. ಬಹಳ ವರ್ಷ ಕರ್ನಾಟಕದ ಡೀಸೆಲ್ ನಮ್ಮದಕ್ಕಿಂತ ಲೀಟರಿಗೆ ಕೆಲವು ರೂಪಾಯಿ ಅಗ್ಗ. ಗಡಿ ದಾಟಿ ಟಾಕಿ ತುಂಬಿಸಿಕೊಂಡು ಬಂದರೆ ಚಹಾದ ಖರ್ಚು ಹೊರಡುತ್ತಿತ್ತು. 2024ರ ಜೂನಿನಲ್ಲೊಮ್ಮೆ, 2025ರ ಏಪ್ರಿಲ್‌ನಲ್ಲೊಮ್ಮೆ ಅಲ್ಲಿಯ ಸರ್ಕಾರ ತೆರಿಗೆ ಏರಿಸಿ ಆ ಸುಖಕ್ಕೂ ಕಲ್ಲು ಹಾಕಿತು. ನಾವು ಗಡಿಯವರು ಹೀಗೇ. ಯಾವ ಕಡೆ ಏನು ಸಿಗುತ್ತದೆ ಎಂದು ಕತ್ತು ಹೊರಳಿಸಿಕೊಂಡೇ ಬದುಕುವವರು. 2022ರ ಕೊನೆಗೆ ಜತ್ತದ ಹಳ್ಳಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದಾಗ ಬೆಂಗಳೂರು, ಮುಂಬಯಿ ಎರಡೂ ಎದ್ದು ಕೂತವು. ಅದೇ ಡಿಸೆಂಬರಿನಲ್ಲಿ ತುಬಚಿ ಬಬಲೇಶ್ವರ ಏತ ನೀರಾವರಿಯ ನೀರು ನಮ್ಮ ಗಡಿ ಊರುಗಳ ಹಳ್ಳಕ್ಕೆ ಹರಿದು ಬಂತು. ನೋಡಲು ನಾವೂ ಗಾಡಿ ತೆಗೆದುಕೊಂಡು ಹೋಗಿದ್ದೆವು. ಪಾಸಿಂಗ್ ಇಲ್ಲದೆ ಗಡಿ ದಾಟಿದ ಆ ನೀರಿಗೆ ಹೆಂಗಸರು ಕುಂಕುಮ ಏರಿಸುತ್ತಿದ್ದರು.

ಡೀಸೆಲ್ ತುಂಬಿಸುವ ಮಾತು ಬಂದದ್ದಕ್ಕೆ ಇನ್ನೊಂದು. ಇಂಥ ಮೂತಿಯ ಗಾಡಿ ಡೀಸೆಲ್ ಕುಡಿಯುತ್ತದೆ ಎಂದು ಪಂಪಿನ ಹುಡುಗರಿಗೆ ನಂಬಿಕೆ ಬರುವುದಿಲ್ಲ. ಒಮ್ಮೆ ಒಬ್ಬ ನಾನು ಫೋನಿನಲ್ಲಿದ್ದಾಗ ಪೆಟ್ರೋಲಿನ ನಳಿಗೆ ಎತ್ತಿ ಇಟ್ಟೇಬಿಟ್ಟಿದ್ದ. ನಾನು ಕಿರುಚಿದ ಸದ್ದಿಗೆ ಪಂಪಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಡೀಸೆಲ್ಲಿಗೆ ಜಿಡ್ಡಿದೆ, ಆ ಜಿಡ್ಡಿನ ಮೇಲೆಯೇ ಒಳಗಿನ ಪಂಪು ಬದುಕಿರುವುದು. ಪೆಟ್ರೋಲ್ ಅದನ್ನು ತೊಳೆದರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಪುಡಿ ಎದ್ದು, ಇಂಜೆಕ್ಟರ್‌ವರೆಗೂ ಎಲ್ಲ ಬದಲಿಸಬೇಕು. ನೀವು ಇಂಥ ಗಾಡಿ ಇಟ್ಟಿದ್ದರೆ ಪಂಪಿನಲ್ಲಿ ಕೆಳಗಿಳಿದು ನಿಲ್ಲಿ.

ದೊಡ್ಡ ಗಾಡಿಯಿಂದ ಮರ್ಯಾದೆ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. ಬದನೆಕಾಯಿಯವಳು ಗಾಡಿ ನೋಡಿ ಕಿಲೋಕ್ಕೆ ಹತ್ತು ರೂಪಾಯಿ ಏರಿಸುತ್ತಾಳೆ. ಲಗ್ನದ ಹಂಗಾಮಿನಲ್ಲಿ ಮದುಮಗನ ಮೆರವಣಿಗೆಗೆ ಕೊಡಿ ಎಂದು ನೆಂಟರಲ್ಲದವರೂ ನೆಂಟಸ್ತನ ಹೇಳಿಕೊಂಡು ಬರುತ್ತಾರೆ. ಹೊಟ್ಟೆ ನೆಲಕ್ಕೆ ಹತ್ತಿರವಾದ್ದರಿಂದ ಪ್ರತಿ ಊರಿನ ಸ್ಪೀಡ್ ಬ್ರೇಕರಿನ ಮೇಲೂ ಓರೆಯಾಗಿ, ಮೆಲ್ಲಗೆ ಹೆಜ್ಜೆ ಇಟ್ಟು ದಾಟಿಸಬೇಕು. ಹಿಂದೆ ಬರುವ ಬಾಡಿಗೆಯ ವಡಾಪ್ ಜೀಪಿನವನು ಹದಿನಾಲ್ಕು ಜನರನ್ನು ತುಂಬಿಕೊಂಡು, ಹಾರನ್ ಬಡಿದು, “ಮಾಲಕ್, ದಬ್ಬಲೇನ್ರಿ?” ಎಂದು ಕೇಳಿ ಹಾರಿಸಿಕೊಂಡು ಹೋಗುತ್ತಾನೆ.

ನನ್ನ ಗರ್ವ ಪೂರ್ತಿ ಇಳಿದದ್ದು ಮಾಡಗ್ಯಾಳದ ದಾರಿಯಲ್ಲಿ. ಕುರಿಹಿಂಡು ಅಡ್ಡ ಬಂತು. ಮಾಡಗ್ಯಾಳದ ಕುರಿ ಗಿಣಿಮೂಗಿನದು, ಎತ್ತರದ ಕಾಲಿನದು. ಒಂದು ಟಗರು ಬಾಗಿಲಿಗೆ ಮೈ ತಿಕ್ಕುತ್ತ ನಿಂತಿತು. ಬಣ್ಣ ಹೋದೀತೆಂದು ನಾನು ಕಿಟಕಿಯ ಗಾಜು ಇಳಿಸಿ ಗದರಿಸಿದೆ. ಕುರುಬರ ಮುದುಕ ಅವಸರವಿಲ್ಲದೆ ಬಂದು “ಸಾವಕಾಶ್ರೀ, ನನ್ ಟಗರಿಗೆ ಏನರೆ ಆದೀತು” ಎಂದ. ಅವನ ಮಾತಿನಲ್ಲಿ ಲೆಕ್ಕ ಇತ್ತು. 2020ರ ಕೊನೆಗೆ ಆಟಪಾಡಿಯ ಒಂದು ಮಾಡಗ್ಯಾಳ ಟಗರಿಗೆ 70 ಲಕ್ಷ ಕೊಡುತ್ತೇನೆಂದು ಒಬ್ಬರು ಕೇಳಿದ್ದು, ಒಡೆಯ ಒಂದೂವರೆ ಕೋಟಿ ಎಂದು ಹಿಡಿದು ಕೂತದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನನ್ನ ಗಾಡಿ ಹೊಸದಿದ್ದಾಗಲೂ ಆ ಟಗರಿನ ಮುಂದೆ ಬಡವ.

ಮಗನ ಮಾತು ಕೇಳಿ ಮಾರಿಬಿಡೋಣ ಅನ್ನಿಸಿದಾಗ ಗ್ರೀಸ್ ದೇಶದ ಟ್ಯಾಕ್ಸಿಯವನನ್ನು ನೆನೆಸುತ್ತೇನೆ. ಥೆಸ್ಸಲೊನೀಕಿಯ ಗ್ರೆಗೋರಿಯೊಸ್ ಸಾಕಿನಿಡಿಸ್ ಎಂಬಾತ 1976ರ ಮರ್ಸಿಡಿಸ್ 240 ಡಿ ಡೀಸೆಲ್ ಗಾಡಿಯನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದ. ಭೂಮಿಯನ್ನು ನೂರಾ ಹದಿನೈದು ಸಲ ಸುತ್ತಿದ ಲೆಕ್ಕ. ನನ್ನದು ಮೀಟರಿನ ಸುಳ್ಳು ಸೇರಿಸಿ ಹಿಡಿದರೂ ನಾಲ್ಕು ಸುತ್ತು ಆಗಿರಲಾರದು. ಆದರೆ ಆ ಕಾಲದ ಗಾಡಿಯಲ್ಲಿ ಪಾನಾ ಹಚ್ಚಲು ಸಂದಿತ್ತು.

ಹೋದ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ, ದಾನಮ್ಮನ ಜಾತ್ರೆಗೆ ಹೊರಟೆವು. ದಾನಮ್ಮ ಹನ್ನೆರಡನೆಯ ಶತಮಾನದ ಶರಣೆ. ಹುಟ್ಟಿದ್ದು ನಮ್ಮ ತಾಲ್ಲೂಕಿನ ಉಮರಾಣಿಯಲ್ಲಿ, ನೆಲೆಸಿದ್ದು ಗುಡ್ಡಾಪುರದಲ್ಲಿ. ಜಾತ್ರೆಗೆ ಬಿಜಾಪುರ, ಬಾಗಲಕೋಟೆ ಕಡೆಯಿಂದ ಜನ ನಡೆದೇ ಬರುತ್ತಾರೆ. ದಾರಿ ತುಂಬ ಪಾದಯಾತ್ರಿಗಳು, ನಡುವೆ ನಮ್ಮ ಕಪ್ಪು ಗಾಡಿ ಆಮೆಯ ಹಾಗೆ. ಎಸಿ ಹಾಕಿಕೊಂಡು ಕೂತದ್ದಕ್ಕೆ ನಾಚಿಕೆಯಾಯಿತು. ಕಾಲು ಬೊಬ್ಬೆ ಬಂದು ಕಲ್ಲಿನ ಮೇಲೆ ಕೂತಿದ್ದ ಒಬ್ಬ ಮುದುಕಿಯನ್ನು ಹತ್ತಿಸಿಕೊಂಡೆವು. ನಡೆದೇ ಬರುತ್ತೇನೆಂದು ಹರಕೆ, ಹತ್ತಲಾರೆ ಅಂದಳು. “ಆಯಿ, ಇದು ನಡಿಯೂದ ಬಿಟ್ರ ಬ್ಯಾರೆ ಏನೂ ಮಾಡಾಕ ಹತ್ತಿಲ್ಲ” ಎಂದು ನನ್ನಾಕೆ ಒಪ್ಪಿಸಿದಳು. ಆಕೆ ಸೀಟಿನ ಮೇಲೆ ಕಾಲು ಮಡಚಿ ಕೂತು, ಗಂಟು ಬಿಚ್ಚಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ರೊಟ್ಟಿಯ ಪುಡಿ ಇವತ್ತಿಗೂ ಸೀಟಿನ ಸಂದಿಯಲ್ಲಿದೆ. ತೊಗಲನ್ನು ಸವರಿ ನೋಡಿ ಕೇಳಿದಳು: “ಹಳೇ ಗಾಡಿ ಏನೋ ತಮ್ಮಾ?” ಹೌದು ಎಂದೆ. “ಹಂಗಾರ ಚಲೋ. ಹೊಸಾದ ಆಗಿದ್ರ ನನ್ನ ಹತ್ತಸ್ತಿದ್ದಿಲ್ಲ.”

ಮೊನ್ನೆ ಕೈಗಾಡಿಯವನು ನಮ್ಮ ಬಾಗಿಲಲ್ಲಿ ನಿಂತು ಬೇವಿನ ಗಿಡದ ಕಡೆ ಬಹಳ ಹೊತ್ತು ನೋಡಿದ. ಕೊಡ್ತೀರೇನು ಎಂದ. ಎಷ್ಟಕ್ಕೆ ಎಂದೆ. ಕಿಲೋ ಲೆಕ್ಕದಲ್ಲಿ ಎಂದ. ಗಾಲಿಗಳನ್ನು ಬೆರಳಿನಿಂದ ಬಾರಿಸಿ, “ಗಾಲಿ ಜರ್ಮನ್ದ ಅದಾವ್ರಿ. ಅದಕ್ಕ ಬ್ಯಾರೆ ರೇಟ್” ಎಂದು ಒಳ್ಳೆಯ ಬೆಲೆ ಹೇಳಿದ. ಅವ್ವ ಒಳಗಿನಿಂದ “ನಾ ಹೇಳಿದ್ನಿಲ್ಲೋ?” ಎಂದಳು.

ಕೊಟ್ಟಿಲ್ಲ. ಪಾಸಿಂಗ್ 2027ರವರೆಗೆ ಇದೆ. ಆಮೇಲೆ ಮತ್ತೈದು ವರ್ಷಕ್ಕೆ ನವೀಕರಿಸಬೇಕು. ಮೊದಲು ಆರುನೂರು ಇದ್ದ ಫೀ 2022ರ ಏಪ್ರಿಲ್‌ನಿಂದ ಐದು ಸಾವಿರ. ಅಷ್ಟರಲ್ಲಿ ನೋಡೋಣ. ಬರುವ ಸೋಮವಾರ ಎಂದಿನಂತೆ ಬಿಜಾಪುರಕ್ಕೆ ಹೋಗುವುದಿದೆ, ಹಿಂದೆ ಎರಡು ಸೀಟು ಖಾಲಿ ಇವೆ. ಬರುವವರು ಆರೂವರೆಗೆ ನಮ್ಮ ಬೇವಿನ ಗಿಡದ ಹತ್ತಿರ ಬಂದು ನಿಲ್ಲಿ. ಡೀಸೆಲ್ ಖರ್ಚು ಹಂಚಿಕೊಳ್ಳಬೇಕಾಗುತ್ತದೆ.